ಸೋಪಿನ ಕೊಪ್ಪರಿಗೆ

"ಕೇಳೋದು ನನ್ನ ಕೆಲಸ ಸಾರ್. ಉತ್ತರ ಕೊಡೋದು ಯಾರ ಕೆಲಸಾನೂ ಅಲ್ಲ. ತಮಾಷೆಗೂ ಕೊಡಬೇಡಿ," ಎಂದ ಫ್ಯೂಸಣ್ಣ.

ಅನೌನ್ಸರ್‌ಗೆ ಸಿಟ್ಟಿನ ನಡುವೆಯೂ ನಗು ಬಂತು. ಮಧ್ಯಾಹ್ನ ಮೂರಕ್ಕೆ ಹತ್ತು ನಿಮಿಷ ಇದ್ದಾಗ ಕರೆಂಟು ಹೋಗಿತ್ತು. ನಿನ್ನೆಯೂ ಅದೇ ಹೊತ್ತಿಗೆ ಹೋಗಿತ್ತು, ಮೊನ್ನೆಯೂ. ಕಾರಣ ಕೇಳೋಣವೆಂದು ಮೂರು ಮಹಡಿ ಇಳಿದು ಸ್ವಿಚ್ ರೂಮಿಗೆ ಬಂದರೆ, ಕಟ್ಟಡದ ಈ ಮುದಿ ಎಲೆಕ್ಟ್ರಿಷಿಯನ್ನು ಸ್ಟೂಲಿನ ಮೇಲೆ ಕೈಕಟ್ಟಿ ಕೂತು ಗೋಡೆಯ ಜೊತೆ ಮಾತಾಡುತ್ತಿದ್ದ. ಗೋಡೆಯ ಮೇಲೆ ಕಾರ್ಖಾನೆ ಕಾಲದ ಕಬ್ಬಿಣದ ಬೋರ್ಡು. ಅದರ ನಡುವೆ ಮೊಳದುದ್ದದ ಒಂದು ಹಿಡಿ. ಹಿಡಿಗೆ ಹಿತ್ತಾಳೆ ಬೀಗ. ಬೀಗದ ಕೊರಳಿಗೆ ಕೂದಲು ಸುತ್ತಿತ್ತು. ಕೀಲಿಕೈಯ ಕಿಂಡಿಗೆ ಹಳದಿ ಬಣ್ಣದ ಏನೋ ಮೆತ್ತಿತ್ತು.

"ಒಳಗಿದ್ದೀಯೇನಪ್ಪಾ?" ಎಂದು ಫ್ಯೂಸಣ್ಣ ಮೂರು ಸಲ ಕೂಗಿದ್ದ. ಕೂಗಿ, ತಲೆ ಓರೆ ಮಾಡಿ, ಕಿವಿಗೊಟ್ಟು ಕೂತಿದ್ದ.

"ಅದೇನಾದ್ರೂ ಉತ್ತರ ಕೊಟ್ರೆ ನನ್ನನ್ನ ಕರೀರಿ, ಮೈಕ್ ತರ್ತೀನಿ," ಎಂದ ಅನೌನ್ಸರ್. ಆಮೇಲೆ ಫ್ಯೂಸಣ್ಣನ ಒಣ ಕೆಮ್ಮನ್ನೂ ಸೇರಿಸಿ, ಅವನದೇ ದನಿಯಲ್ಲಿ, "ಕೇಳೋದು ನನ್ನ ಕೆಲ್ಸ ಸಾರ್..." ಎಂದು ಅಣಕಿಸಿದ.

ಫ್ಯೂಸಣ್ಣ ನಗಲಿಲ್ಲ. ಅವನ ಕಣ್ಣು ಬೀಗದ ಮೇಲಿತ್ತು.

ಅನೌನ್ಸರ್‌ನ ಹೊಟ್ಟೆಪಾಡೇ ಗಂಟಲು. ಊರಿನ ಅರ್ಧಕ್ಕರ್ಧ ಲಿಫ್ಟುಗಳು "ಬಾಗಿಲು ಮುಚ್ಚುತ್ತಿದೆ, ದಯವಿಟ್ಟು ದೂರ ನಿಲ್ಲಿ" ಎನ್ನುವುದು ಅವನ ದನಿಯಲ್ಲಿ. ಫೋನಿನಲ್ಲಿ "ನೀವು ಸಾಲಿನಲ್ಲಿದ್ದೀರಿ" ಎಂದು ಜನರ ತಾಳ್ಮೆ ಅರೆಯುವುದೂ ಅವನೇ. ಮನೆಗೆ ಬಂದರೆ ಅಣಕು. ಮಾವನಾಗಿ ಕೆಮ್ಮುತ್ತಿದ್ದ, ಶಾಲೆಯ ಮಿಸ್ಸಾಗಿ ಗದರುತ್ತಿದ್ದ, ಕುಕ್ಕರ್ ಆಗಿ ಸೀಟಿ ಹೊಡೆಯುತ್ತಿದ್ದ. ಮದುವೆಯಾಗಿ ಒಂಬತ್ತು ವರ್ಷವಾದರೂ ಹೆಂಡತಿ ಜಗಳದ ನಡುವೆ "ರೀ, ನೀವಾಗಿ ಮಾತಾಡ್ತೀರಾ ಸ್ವಲ್ಪ?" ಎಂದು ಕೇಳಬೇಕಾಗುತ್ತಿತ್ತು.

ಈ ಬಡಾವಣೆಗೆ ಬಂದು ಎರಡು ತಿಂಗಳಾಗಿತ್ತು. ಪೇಟೆಯ ನಡುಭಾಗಕ್ಕೆ ನಡೆದೇ ಹೋಗುವಷ್ಟು ದೂರ. ಇಪ್ಪತ್ತು ವರ್ಷ ಪಾಳುಬಿದ್ದಿದ್ದ ಕಾರ್ಖಾನೆಗಳ ಸಾಲಿಗೆ ಹೊಸ ಗಾಜು, ಹೊಸ ದೀಪ, ಹೊಸ ಹೆಸರು ಬಂದಿತ್ತು. ತುಕ್ಕನ್ನು ಮಾತ್ರ ಉಜ್ಜದೆ, ಮೇಲೆ ವಾರ್ನಿಷ್ ಬಳಿದು, ಅದನ್ನೇ ಚಂದ ಎಂದಿದ್ದರು. ಬಾಯ್ಲರ್ ಹೌಸು ಈಗ ಕಾಫಿ ಹೌಸು. ಕುದಿಯುವುದು ಮಾತ್ರ ತಪ್ಪಿರಲಿಲ್ಲ: ಆಗ ನೀರು, ಈಗ ನಿವಾಸಿಗಳು. ಮೂಟೆ ಹೊರುತ್ತಿದ್ದ ಗೋದಾಮಿನಲ್ಲಿ ಈಗ ಜಿಮ್ಮು. ಅಲ್ಲಿ ಜನ ಏನನ್ನೂ ಎಲ್ಲಿಗೂ ಸಾಗಿಸದೆ ಬರಿದೇ ಎತ್ತಿ ಇಳಿಸುತ್ತಿದ್ದರು. ಮೂರು ಬಗೆಯ ಕಾಫಿ ಬೀಜ ಸಿಗುವ ಬೀದಿಯಲ್ಲಿ ಒಂದು ಕಟ್ಟು ಸೊಪ್ಪು ಬೇಕೆಂದರೆ ಎರಡು ಬಸ್ಸು ಹತ್ತಬೇಕು. ಬೆಳಿಗ್ಗೆ ಆರಕ್ಕೆ ಪಕ್ಕದ ಗೋಡೆ ಒಡೆಯುವ ಸದ್ದು, ಸಂಜೆ ಆರರವರೆಗೆ ಅದರ ದೂಳು. ಕಿಟಕಿಗಳು ಆಳೆತ್ತರ, ಆದರೆ ತೆರೆಯುವುದಿಲ್ಲ.

ಅವನ ಮನೆಯಿದ್ದ ಕಟ್ಟಡ ಒಂದು ಕಾಲಕ್ಕೆ ಸೋಪಿನ ಕಾರ್ಖಾನೆ. ಅಂಗಳದ ನಡುವೆ ಸೋಪು ಕುದಿಸುತ್ತಿದ್ದ ಎರಡಾಳೆತ್ತರದ ಕೊಪ್ಪರಿಗೆಯನ್ನು ಅರ್ಧ ನೆಲದಲ್ಲಿ ಹೂತು, ಒಳಗೆ ಸುತ್ತಲೂ ಬೆಂಚು ಹಾಕಿ, ಮೆತ್ತೆ ಹಾಸಿ, ಹರಟೆಯ ಜಾಗ ಮಾಡಿದ್ದರು. ಪಾಕ ಕಲಕುತ್ತಿದ್ದ ನಾಲ್ಕು ಕಬ್ಬಿಣದ ತೋಳುಗಳನ್ನು ಅಂದಕ್ಕೆಂದು ನಡುವೆ ಹಾಗೆಯೇ ಬಿಟ್ಟಿದ್ದರು. ಮೋಟಾರು ಯಾವ ಕಾಲಕ್ಕೋ ಗುಜರಿ ಸೇರಿತ್ತು.

ಇಷ್ಟನ್ನೆಲ್ಲ ಅವನು ಜೋಕು ಮಾಡಿ ಸಹಿಸುತ್ತಿದ್ದ. ಸಹಿಸಲಾಗದೇ ಹೋದದ್ದು ಪುಟ್ಟಿಯ ಉಬ್ಬಸ. ಏಳು ವರ್ಷದ ಮಗಳು ಎರಡೂವರೆಗೆ ಶಾಲೆಯಿಂದ ಬರುವಾಗಲೇ ದೂಳಿಗೆ ಎದೆ ಕಟ್ಟಿರುತ್ತಿತ್ತು. ಸೋಫಾದಲ್ಲಿ ಕೂರಿಸಿ, ನೆಬುಲೈಸರ್ ಬಟ್ಟಲಿಗೆ ಔಷಧಿ ಸುರಿದು, ಮುಖಕ್ಕೆ ಮುಖವಾಡ ಕಟ್ಟಿ, ಯಂತ್ರ ಗುರ್ ಎಂದು ನಾಲ್ಕು ನಿಮಿಷವಾಗಿರಬೇಕು, ಕರೆಂಟು ಹೋಗುತ್ತಿತ್ತು. ಬ್ಯಾಟರಿಯದ್ದನ್ನು ತಂದ. ಅದೂ ಸರಿಯಾಗಿ ಅದೇ ಹೊತ್ತಿಗೆ ಸತ್ತುಬಿತ್ತು. ಅಂಗಡಿಯವನು ಪರೀಕ್ಷಿಸಿ, "ಚೆನ್ನಾಗೇ ಇದೆಯಲ್ಲಾ ಸಾರ್," ಎಂದ.

ಮ್ಯಾನೇಜರ್‌ಗೆ ಮೂವತ್ತೊಂದು ದೂರು ಕೊಟ್ಟಾಗಿತ್ತು. ಪ್ರತಿಸಲವೂ ಒಂದೇ ಉತ್ತರ: "ನೋಟ್ ಮಾಡ್ಕೊಂಡಿದ್ದೀವಿ ಸಾರ್."

"ನೋಟ್ ಮಾಡ್ಕೊಂಡು ಏನ್ರೀ ಮಾಡ್ತೀರಾ, ಪರೀಕ್ಷೆ ಬರೀತೀರಾ?"

"ಮೂರು ಗಂಟೆ ಮೇಲೆ ಔಷಧಿ ಹಾಕಿದ್ರೆ ಆಗಲ್ವಾ ಸಾರ್?"

"ಉಬ್ಬಸ ಗಡಿಯಾರ ನೋಡ್ಕೊಂಡು ಬರುತ್ತಾ?"

"ಅದನ್ನೂ ನೋಟ್ ಮಾಡ್ಕೋತೀವಿ."

ಕೊನೆಗೆ ಅವನು ಫ್ಯೂಸಣ್ಣನನ್ನೇ ಹಿಡಿದು ಕೂರಿಸಿ, ಆ ಬೀಗ ಯಾರದು, ಯಾಕೆ ಯಾರೂ ತೆಗೆಯುವುದಿಲ್ಲ ಎಂದು ಕೇಳಿದ. ಫ್ಯೂಸಣ್ಣ ಹುಡುಗನಾಗಿದ್ದಾಗಿನಿಂದ ಇದೇ ಕಾರ್ಖಾನೆಯಲ್ಲಿ ದುಡಿದವನು. ಬಾಗಿಲು ಎಳೆದುಕೊಂಡು, ದನಿ ತಗ್ಗಿಸಿ ಹೇಳಿದ.

ಕೊಪ್ಪರಿಗೆ ತೊಳೆಯಲು ಇಳಿಯುವವನು ಮೊದಲು ಸ್ವಿಚ್ಚಿನ ಹಿಡಿಗೆ ತನ್ನ ಬೀಗ ಹಾಕಬೇಕು. ಕೀಲಿಕೈ ಅವನ ಸೊಂಟದಲ್ಲೇ ಇರಬೇಕು. ಯಂತ್ರ ಹಾಕುವವನು "ಒಳಗಿದ್ದೀಯೇನಪ್ಪಾ?" ಎಂದು ಮೂರು ಸಲ ಕೂಗಬೇಕು. ಇಳಿದವನು ತನ್ನ ಬಾಯಲ್ಲೇ "ಹೊರಗೆ ಬಂದೆ" ಎನ್ನಬೇಕು, ತನ್ನ ಕೈಯಲ್ಲೇ ಬೀಗ ತೆಗೆಯಬೇಕು. ಇನ್ನೊಬ್ಬನ ಬೀಗ ಮುಟ್ಟುವ ಹಾಗಿಲ್ಲ, ಇನ್ನೊಬ್ಬನ ಪರವಾಗಿ ಉತ್ತರಿಸುವ ಹಾಗಿಲ್ಲ. ಒಂದು ದಿನ ಮಧ್ಯಾಹ್ನ, ಪಾಳಿ ಬದಲಾಗುವ ಹೊತ್ತು, ಹೊಸ ಸೂಪರ್‌ವೈಸರ್‌ಗೆ ಅವಸರ. ಕೂಗಲಿಲ್ಲ. ಬೀಗ ಕತ್ತರಿಸಿ, ಕೊಪ್ಪರಿಗೆಗೆ ಕುದಿಯುವ ಪಾಕ ಬಿಟ್ಟು, ಹಿಡಿ ಎಳೆದ. ಒಳಗೆ ಫ್ಯೂಸಣ್ಣನ ಗೆಳೆಯನಿದ್ದ.

"ಅವನ ತಾಯಿ ಇಲ್ಲೇ ಸೋಪಿಗೆ ಕಾಗದ ಸುತ್ತೋ ಕೆಲಸ ಮಾಡ್ತಿದ್ಲು. ಒಂಬತ್ತು ದಿನ ಬಾಯಿ ಬಿಡಲಿಲ್ಲ. ಹತ್ತನೇ ದಿನ ಬಂದು ಹೊಸ ಬೀಗ ಹಾಕಿದ್ಲು. ಮಗನ ಬಾಚಣಿಗೇಲಿದ್ದ ಕೂದಲು ಸುತ್ತಿದ್ಲು. ಆ ಪಾಕದಲ್ಲಿ ಬಂದ ಸೋಪನ್ನೇ ಕಿಂಡಿಗೆ ಒತ್ತಿದ್ಲು. ಏನೇನೋ ಅಂದ್ಲು, ನನಗೆ ಅರ್ಥವಾಗಿದ್ದು ಕೊನೇ ಮಾತು ಮಾತ್ರ. 'ದಿನಾ ಇದೇ ಹೊತ್ತಿಗೆ ನನ್ನ ಮಗನ್ನ ಕೂಗಿ ಕೇಳಬೇಕು. ಅವನು ಬಂದೆ ಅಂತ ಅವನ ಬಾಯಲ್ಲೇ ಹೇಳೋತನಕ ಕೇಳಬೇಕು. ಬೇರೆ ಯಾರಾದ್ರೂ ಅವನ ಹೆಸರಲ್ಲಿ ಬಾಯಿ ಬಿಟ್ರೋ, ಅವರ ಮನೆ ಮಗೂನೂ ಹೀಗೇ ಕರಗಿಹೋಗಲಿ.'"

"ಆಮೇಲೆ?"

"ಅವಳು ಹೋಗಿ ಹದಿನೈದು ವರ್ಷ ಆಯ್ತು ಸಾರ್. ಕರೆಂಟು ದಿನಾ ಹೋಗುತ್ತೆ. ನಾನು ಕೇಳ್ತೀನಿ. ಅವಳಿಗೆ ಸಾಕು ಅನ್ನಿಸಿದಾಗ ಬರುತ್ತೆ."

"ನಿಮ್ಮ ಗೆಳೆಯ ಹೇಗೆ ಮಾತಾಡ್ತಿದ್ದ?"

ಕೇಳಿದ್ದು ಕಸುಬಿನ ಚಟಕ್ಕೆ. ಫ್ಯೂಸಣ್ಣ ಮೈಮರೆತು, ನಲವತ್ತು ವರ್ಷದ ಹಿಂದಿನ ಗೆಳೆಯನನ್ನು ನೆನೆದು, ಸಣ್ಣಗೆ ನಕ್ಕ. "ಸ್ವಲ್ಪ ಮೂಗಿನಿಂದ. ಅಮ್ಮ ಕರೆದ್ರೆ 'ಬಂದೇಏಮ್ಮಾ' ಅಂತ ಎಳೀತಿದ್ದ. ಕೊನೇಲಿ ಸ್ವಲ್ಪ ನಗು ಇರ್ತಿತ್ತು." ಹೇಳಿದ ಮೇಲೆ ಬಾಯಿಗೆ ಕೈ ಅಡ್ಡ ಹಿಡಿದ.

ಮನೆಗೆ ಬಂದ ಅನೌನ್ಸರ್ ಹೆಂಡತಿಗೆ ಇಡೀ ಕತೆಯನ್ನು ಅಭಿನಯಿಸಿ ತೋರಿಸಿದ. ಅವಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಸುಲಭಕ್ಕೆ ಹೆದರುವವಳಲ್ಲ. ಆದರೂ "ಸತ್ತವರ ದನಿ ಯಾಕ್ರೀ ಮಾಡ್ತೀರಿ, ಒಂಥರಾ ಆಗುತ್ತೆ," ಎಂದು ಎದ್ದುಹೋದಳು.

ಮುಂದಿನ ಮಂಗಳವಾರ ಪುಟ್ಟಿಗೆ ತೀರಾ ಜಾಸ್ತಿಯಾಯಿತು. ಪಕ್ಕೆಲುಬಿನ ಸಂದುಗಳು ಒಳಕ್ಕೆ ಎಳೆಯುತ್ತಿದ್ದವು. ಉಸಿರು ಬಾಗಿಲ ಸಂದಿಯಲ್ಲಿ ಗಾಳಿ ಸಿಕ್ಕಿಕೊಂಡಂತೆ ಕುಯ್ಯೆನ್ನುತ್ತಿತ್ತು. ಮೂರಕ್ಕೆ ಹತ್ತು ನಿಮಿಷ. ಯಂತ್ರ ನಿಂತಿತು. ಮೂರಾಯಿತು. ಮೂರೂಕಾಲಾಯಿತು. ಆಂಬುಲೆನ್ಸ್‌ಗೆ ಫೋನು ಮಾಡಿದರೆ ಅವನದೇ ದನಿ ಸಮಾಧಾನವಾಗಿ ಹೇಳಿತು: "ನೀವು ಸಾಲಿನಲ್ಲಿದ್ದೀರಿ."

ಫೋನನ್ನು ಸೋಫಾಕ್ಕೆಸೆದು, ಮಗಳನ್ನು ಹೆಂಡತಿಯ ಕೈಗಿಟ್ಟು, ಅವನು ಮೆಟ್ಟಿಲಿಳಿದ. ಎರಡು ತಿಂಗಳ ಸಿಟ್ಟೆಲ್ಲ ಕಾಲಿಗಿಳಿದಿತ್ತು. ಸ್ವಿಚ್ ರೂಮಿನ ಬಾಗಿಲು ಅರೆ ತೆರೆದಿತ್ತು. ಒಳಗೆ ಫ್ಯೂಸಣ್ಣ ಕೂಗುತ್ತಿದ್ದ.

"ಒಳಗಿದ್ದೀಯೇನಪ್ಪಾ?"

ನನ್ನ ಮಗಳ ಉಸಿರು ನಿಲ್ಲುತ್ತಿದೆ, ಇವನು ಗೋಡೆಗೆ ಕ್ಷೇಮಸಮಾಚಾರ ಕೇಳುತ್ತಿದ್ದಾನೆ!

"ಒಳಗಿದ್ದೀಯೇನಪ್ಪಾ?"

ಉತ್ತರ ತಾನೇ ಬೇಕು ನಿನಗೆ? ತಗೋ.

"ಒಳಗಿದ್ದೀ..."

"ಬಂದೇಏಮ್ಮಾ," ಎಂದ ಅನೌನ್ಸರ್ ಬಾಗಿಲ ಹಿಂದಿನಿಂದ. ಮೂಗಿನ ಆ ಎಳೆತ, ಕೊನೆಯ ಆ ನಗು. ಎರಡೂ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. "ಹೊರಗೆ ಬಂದೆ."

ಟಕ್.

ಬೀಗ ತಾನಾಗಿ ಬಾಯಿ ಬಿಟ್ಟು ನೆಲಕ್ಕೆ ಬಿತ್ತು. ಅದೇ ಕ್ಷಣ ಕಟ್ಟಡದ ಎಲ್ಲ ದೀಪಗಳೂ ಹತ್ತಿಕೊಂಡವು.

ಅನೌನ್ಸರ್ ಗೆದ್ದವನಂತೆ ಒಳಗೆ ಬಂದ. ಫ್ಯೂಸಣ್ಣ ಸ್ಟೂಲಿನಿಂದ ಎದ್ದಿದ್ದ. ಅವನ ಮುಖ ಸುಣ್ಣವಾಗಿತ್ತು. ಅಂಗಳದ ಕಡೆಯಿಂದ ಬರಿಗಾಲಿನ ಹೆಜ್ಜೆ ಸದ್ದು ಕೇಳಿಸಿತು. ಯಾರೋ ಮುದುಕಿ, ಸಂತೋಷದಿಂದ ಅವಸರಪಟ್ಟು ನಡೆದುಬಂದಂತೆ. ಬಾಗಿಲವರೆಗೂ ಬಂತು. ಅಲ್ಲಿ ನಿಂತಿತು. ಹುಡುಕಿದ ಹಾಗೆ ಅತ್ತಿತ್ತ ಎರಡು ಹೆಜ್ಜೆ ಹೋಯಿತು. ಬಾಗಿಲಲ್ಲಿ ಯಾರೂ ಇರಲಿಲ್ಲ. ಹಸಿ ಗುಲಾಬಿ ಸೋಪಿನ ವಾಸನೆ ಮಾತ್ರ ಗಪ್ಪೆಂದು ಮೂಗಿಗೆ ಬಡಿಯಿತು.

"ಏನ್ ಮಾಡಿಬಿಟ್ರಿ ಸಾರ್," ಎಂದ ಫ್ಯೂಸಣ್ಣ. "ಮಗ ಬಂದ ಅಂತ ನಂಬಿ ಬಂದ್ಲು. ನಂಬಿಬಿಟ್ಲು." ಚೀಲ ಎತ್ತಿಕೊಂಡು ಹೊರಟವನು ಮಾರನೆಯ ದಿನ ಕೆಲಸಕ್ಕೆ ಬರಲಿಲ್ಲ.

ಕರೆಂಟು ಮತ್ತೆ ಹೋಗಲಿಲ್ಲ. ಪುಟ್ಟಿಯ ಉಬ್ಬಸವೂ ಅಂದೇ ನಿಂತಿತು. ದೂಳಿನಲ್ಲಿ ಕುಣಿದರೂ ಕೆಮ್ಮಿಲ್ಲ. ಮ್ಯಾನೇಜರ್ ಮೂವತ್ತೊಂದೂ ದೂರುಗಳಿಗೆ ಒಂದೇ ಏಟಿಗೆ "ಪರಿಹರಿಸಲಾಗಿದೆ" ಎಂದು ಉತ್ತರ ಕಳಿಸಿದ. ಅನೌನ್ಸರ್ ನಾಲ್ಕು ದಿನ ಬೀಗುತ್ತ ತಿರುಗಿದ. ಬೀಗ ಬಿದ್ದದ್ದು ತುಕ್ಕಿನಿಂದ, ಹೆಜ್ಜೆ ಸದ್ದು ಮೇಲಿನ ಮನೆಯವರದು, ಫ್ಯೂಸಣ್ಣನಿಗೆ ವಯಸ್ಸಾಗಿದೆ. ಎಲ್ಲಕ್ಕೂ ಅವನ ಹತ್ತಿರ ಸಮಾಧಾನವಿತ್ತು.

ಐದನೆಯ ದಿನ ಲಿಫ್ಟಿನಲ್ಲಿ ಪಕ್ಕದ ಮನೆಯಾಕೆ ಕೇಳಿದಳು: "ನಿಮ್ಮ ಪುಟ್ಟಿಗೆ ಯಾವ ಸೋಪು ಹಾಕ್ತೀರಾ? ಎಷ್ಟು ಘಮ್ ಅಂತಾಳೆ!"

ಆರನೆಯ ದಿನ ಪುಟ್ಟಿಯ ಕೈಯಿಂದ ಪೆನ್ಸಿಲು ಜಾರಿತು. ಲೋಟ ಜಾರಿತು. ಬಾಗಿಲ ಹಿಡಿ ತಿರುಗಿಸಲು ಹೋದರೆ ಕೈಯೇ ಜಾರಿತು. "ಅಪ್ಪಾ, ಎಲ್ಲಾ ನುಣ್ಣಗಾಗಿದೆ," ಎಂದು ನಕ್ಕಳು. ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಹೆಂಡತಿ ಸುಮ್ಮನೆ ಅವಳ ಬೆರಳು ಹಿಡಿದು ನೋಡಿದಳು. ದಿನಕ್ಕೆ ನೂರು ಜನರ ಬೆರಳು ಚುಚ್ಚಿ ನೋಡಿದವಳು. ಆ ಬೆರಳನ್ನು ಬಿಟ್ಟು ಇನ್ನೊಂದನ್ನು ಹಿಡಿದಳು. ಹತ್ತನ್ನೂ ನೋಡಿದಳು.

"ರೀ," ಎಂದಳು, "ಇವಳ ಬೆರಳಲ್ಲಿ ಗೆರೆ ಇಲ್ಲ."

ಅಂಗೈಯಲ್ಲೂ ಇರಲಿಲ್ಲ. ಸೈಕಲ್ಲಿಂದ ಬಿದ್ದು ಮೊಣಕಾಲಿಗಾಗಿದ್ದ ಗಾಯದ ಕಲೆಯೂ ಇರಲಿಲ್ಲ. ಗಲ್ಲದ ಮೇಲಿನ ಸಣ್ಣ ಮಚ್ಚೆ ಮುಕ್ಕಾಲು ಅಳಿಸಿಹೋಗಿತ್ತು. ಸ್ನಾನಕ್ಕೆ ಬರೀ ನೀರು ಹುಯ್ದರೂ ಬಚ್ಚಲ ತುಂಬ ನೊರೆ. ಯೂನಿಫಾರ್ಮಿನ ಸೊಂಟಕ್ಕೆ ಒಂದು ಪಿನ್ನು, ಎರಡು ದಿನಕ್ಕೆ ಎರಡು. ಶೂ ಸಡಿಲ. ಕಿವಿಗಳು ಬೆಳಕಿಗೆ ಹಿಡಿದರೆ ಆಚೆಯ ಕಿಟಕಿ ಕಾಣುವಷ್ಟು ತೆಳು. ಮುಖದ ಮೂಲೆಗಳೆಲ್ಲ ದುಂಡಗಾಗುತ್ತಿದ್ದವು, ಮನೆಮಂದಿಯೆಲ್ಲ ಬಳಸಿದ ಸೋಪಿನ ಬಿಲ್ಲೆಯ ಹಾಗೆ.

ಡಾಕ್ಟರು ಅಲರ್ಜಿ ಎಂದರು, ಮುಲಾಮು ಬರೆದರು. ಇನ್ನೊಬ್ಬರು ಇನ್ನೊಂದು ಮುಲಾಮು ಬರೆದರು. ಮೂರನೆಯವರು ಅವಳ ಕೈ ಹಿಡಿದು, ಏನೂ ಬರೆಯದೆ, ತಮ್ಮ ಕೈ ಮೂಸಿಕೊಂಡರು.

ನೀರು ಮುಟ್ಟಿಸುವುದನ್ನೇ ನಿಲ್ಲಿಸಿದರು. ಒಣ ಟವಲಿನಲ್ಲಿ ಸುತ್ತಿ ಕೂರಿಸಿದರು. ಹತ್ತನೆಯ ದಿನ ಪುಟ್ಟಿ ಕನ್ನಡಿ ನೋಡಿಕೊಂಡಳು. ಅತ್ತಳು. ಕಣ್ಣೀರು ಹರಿದಲ್ಲೆಲ್ಲ ಕೆನ್ನೆಯ ಮೇಲೆ ಎರಡು ಸಣ್ಣ ಕಾಲುವೆಗಳು ಕೊರೆದುಕೊಂಡವು.

ಅಂದಿನಿಂದ ಅವಳು ಅಳಬಾರದು. ಅದೊಂದೇ ಮನೆಯ ಕೆಲಸವಾಯಿತು. ಅನೌನ್ಸರ್ ಹಗಲಿಡೀ ಮಾವನಾದ, ಮಿಸ್ಸಾದ, ಮ್ಯಾನೇಜರ್ ಆದ, ಕುಕ್ಕರ್ ಆದ. ಪುಟ್ಟಿ ನಗುತ್ತಿದ್ದಳು. ನಗುವಿಗೂ ತುಟಿಯಂಚು ಸವೆಯುತ್ತಿತ್ತೇನೋ ಎಂದು ಅವನಿಗೆ ಭಯ. ಹೆಂಡತಿ ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿ, ಇಬ್ಬರ ಪಾಲಿನದನ್ನೂ ಅಳುತ್ತಿದ್ದಳು.

ಫ್ಯೂಸಣ್ಣನ ವಿಳಾಸ ಮ್ಯಾನೇಜರ್ ಹತ್ತಿರ ಇರಲಿಲ್ಲ. "ನೋಟ್ ಮಾಡ್ಕೊಂಡಿಲ್ಲ ಸಾರ್," ಎಂದ. ಅನೌನ್ಸರ್ ಅವನ ಕಾಲರ್ ಹಿಡಿದು ಗೋಡೆಗೊತ್ತಿದಾಗ ಹಳೆಯ ಹಾಜರಿ ಪುಸ್ತಕದಲ್ಲಿ ಸಿಕ್ಕಿತು. ರೈಲು ಹಳಿಯಾಚೆ ಒಂದು ಕೋಣೆ. ಫ್ಯೂಸಣ್ಣ ಹೊಸ್ತಿಲಲ್ಲೇ ನಿಲ್ಲಿಸಿ ಮಾತಾಡಿದ.

"ನಿಮ್ಮ ಹೆಸರಿನ ಬೀಗ ಹಾಕಿ. ಕೊಪ್ಪರಿಗೇಲಿ ಇಳಿದು ಕೂತ್ಕೊಳ್ಳಿ. ಅವಳು ಕೇಳ್ತಾಳೆ. ಸುಳ್ಳು ಹೇಳಿದ ಬಾಯೇ ನಿಜ ಹೇಳಬೇಕು. ನಿಮ್ಮ ದನೀಲಿ ಹೇಳಬೇಕು."

"ಅಷ್ಟೇನಾ?"

"ಅಷ್ಟೇ ಅಂತ ನಾನು ಹೇಳಲ್ಲ. ತೊಳೆಯೋಕೆ ಇಳಿದವರು ಯಾರೂ ಇಳಿದಷ್ಟೇ ಮೇಲೆ ಬರ್ತಿರಲಿಲ್ಲ ಸಾರ್. ಅಂಗಾಲಿನ ಚರ್ಮಾನಾದ್ರೂ ಬಿಟ್ಟು ಬರ್ತಿದ್ವಿ."

ಮಾರನೆಯ ದಿನ ಬಿಸಿಲು ಕಣ್ಣು ಕುಕ್ಕುವಂತಿತ್ತು. ಅನೌನ್ಸರ್ ಹೊಸ ಬೀಗಕ್ಕೆ ತಗಡಿನ ಬಿಲ್ಲೆ ಕಟ್ಟಿ, ಬಿಲ್ಲೆಯ ಮೇಲೆ ಮೊಳೆಯಿಂದ ತನ್ನ ಹೆಸರು ಕೊರೆದ. ಹಿಡಿಗೆ ಸಿಕ್ಕಿಸಿ, ಕೀಲಿಕೈಯನ್ನು ಸೊಂಟಕ್ಕೆ ಸೇರಿಸಿದ. ಕೊಪ್ಪರಿಗೆಗೆ ಇಳಿದ. ಮೆತ್ತೆಯ ಮೇಲೆ ಯಾರೋ ಕಾಫಿ ಲೋಟ ಮರೆತು ಹೋಗಿದ್ದರು. ಮೇಲೆ, ಮೂರನೇ ಮಹಡಿಯ ಬಾಲ್ಕನಿಯಲ್ಲಿ, ಹೆಂಡತಿ ಟವಲಿನ ಗಂಟನ್ನು ಎದೆಗವಚಿ ನಿಂತಿದ್ದಳು. ಗಂಟು ತೀರಾ ಸಣ್ಣದಾಗಿತ್ತು.

ಮೂರಕ್ಕೆ ಹತ್ತು ನಿಮಿಷ.

ಗೋಡೆ ಒಡೆಯುವ ಸದ್ದು ನಿಂತಿತು. ಕಾಫಿ ಹೌಸಿನ ಹಾಡು ನಿಂತಿತು. ಕೊಪ್ಪರಿಗೆಯ ಬಾಯಿಯಲ್ಲಿದ್ದ ಆಕಾಶ ಮಬ್ಬಾಯಿತು, ಮೇಲೆ ಯಾರೋ ಮುಚ್ಚಳ ಸರಿಸಿದಂತೆ. ಬಿಸಿ ಕೊಬ್ಬು, ಸುಣ್ಣ, ಗುಲಾಬಿ. ಮೂಗಿನ ಹೊಳ್ಳೆ ಉರಿಯಿತು. ಕಾಲಡಿಯ ಕಬ್ಬಿಣ ಬೆಚ್ಚಗಾಯಿತು. ಎಲ್ಲೋ ಕಾಗದ ಸುತ್ತುವ ಸದ್ದು. ಸರ್. ಸರ್. ಸರ್. ನಿಂತಿತು.

"ಮಗಾ, ಒಳಗಿದ್ದೀಯಾ?"

ಕಿವಿಯ ಪಕ್ಕದಲ್ಲೇ. ಅವನು ಬಾಯಿ ತೆರೆದ. ಹೊರಬಂದದ್ದು ಮೈಕಿನ ಮುಂದಿನ ದನಿ, ದುಂಡಗೆ, ಸ್ಪಷ್ಟವಾಗಿ: "ಒಳಗಿರುವುದು ನಾನು." ಲಿಫ್ಟು ಮಾತಾಡಿದಂತೆ.

ಕಬ್ಬಿಣದ ತೋಳು ನಡುಗಿತು. ಮೋಟಾರಿಲ್ಲದ ತೋಳು. ಕಿರ್ರೆಂದು ಒಂದು ಗೇಣು ತಿರುಗಿತು. ಕಾಲ ಬಳಿ ನೊರೆ ಎದ್ದಿತು. ಮೆತ್ತೆಗಳು ಮುಳುಗಿದವು.

ಅಲ್ಲ, ಇದು ನನ್ನದಲ್ಲ. ನನ್ನದು ಯಾವುದು? ಅವನು ಗಂಟಲೊಳಗೆ ತಡಕಾಡಿದ. ಮಾವ ಸಿಕ್ಕಿದ. ಮ್ಯಾನೇಜರ್ ಸಿಕ್ಕಿದ. ಫ್ಯೂಸಣ್ಣನ ಕೆಮ್ಮು ಸಿಕ್ಕಿತು. ತುಂಬಿದ ಬೀರುವಿನಲ್ಲಿ ತನ್ನದೊಂದು ಅಂಗಿ ಇಲ್ಲದಂತೆ.

"ಮಗಾ, ಒಳಗಿದ್ದೀಯಾ?"

ಭಯಕ್ಕೆ ಬಾಯಿ ತಾನಾಗಿ ತೆರೆದುಕೊಂಡಿತು. "ಅಮ್ಮಾಆ..." ಮೂಗಿನಿಂದ, ಎಳೆದು. ಅವಳ ಮಗನ ದನಿ.

ತೋಳು ರಭಸದಿಂದ ಸುತ್ತಿತು. ಭುಜಕ್ಕೆ ಬಡಿಯಿತು. ಬಿದ್ದ. ನೊರೆ ಎದೆಗೆ ಬಂತು. ಕುದಿಯುತ್ತಿತ್ತು. ಎದ್ದ. ಜಾರಿದ. ಹಿಡಿಯಲು ಏನೂ ಇಲ್ಲ. ಎಲ್ಲವೂ ನುಣುಪು. ಮೇಲಿನಿಂದ ಹೆಂಡತಿಯ ಚೀರಾಟ: "ರೀ! ಅಳ್ತಿದಾಳೆ! ಪುಟ್ಟಿ ಅಳ್ತಿದಾಳೆ! ನಿಲ್ತಿಲ್ಲಾ!" ಅವಳನ್ನು ನಗಿಸಬೇಕು. ಯಾರ ದನಿಯಲ್ಲಿ? ನೊರೆ ಗಲ್ಲಕ್ಕೆ ಬಂತು. ತೋಳು ಮತ್ತೆ ಬರುತ್ತಿತ್ತು. ಬಂತು. ಬಂತು.

"ಮಗಾ, ಒಳಗಿದ್ದೀಯಾ?"

"ಇಲ್ಲಮ್ಮಾ."

ಯಾರು ಮಾತಾಡಿದರೆಂದು ಅವನಿಗೇ ತಿಳಿಯಲಿಲ್ಲ. ಒಡಕು ದನಿ. ಸ್ವಲ್ಪ ಕೀರಲು. ಚಂದವಿಲ್ಲ, ಏರಿಳಿತವಿಲ್ಲ. ಪುಟ್ಟಿ ಹುಟ್ಟಿದ ದಿನ ಆಸ್ಪತ್ರೆಯ ಓಣಿಯಲ್ಲಿ ಅವಳನ್ನು ಮೊದಲ ಸಲ ಎತ್ತಿಕೊಂಡು "ನೋಡು, ಅಪ್ಪ" ಎಂದಿದ್ದ ದನಿ ಅದು.

"ನಿಮ್ಮ ಮಗ ಬಂದಿಲ್ಲಮ್ಮಾ. ಅವತ್ತು ಬಂದೆ ಅಂದಿದ್ದು ನಾನು. ಸುಳ್ಳು ಹೇಳಿದೆ. ಒಳಗಿರೋನು ನಾನು. ನನ್ನ ಮಗಳನ್ನ ಬಿಟ್ಟುಬಿಡಿ."

ತೋಳು ಅವನ ಮೂಗಿನಿಂದ ಒಂದು ಬೆರಳು ದೂರದಲ್ಲಿ ನಿಂತಿತು.

ಆಮೇಲೆ ಒಂದು ಒರಟು ಅಂಗೈ, ಜೀವಮಾನವಿಡೀ ಕಾಗದ ಮಡಿಸಿದ ಅಂಗೈ, ಕತ್ತಲೆಯಿಂದ ಬಂದು ಅವನ ಕೊರಳನ್ನು ಮುಟ್ಟಿತು. ಮಗುವಿನ ಮೈಯ ನೊರೆ ಒರೆಸುವ ಹಾಗೆ ಮೇಲಿನಿಂದ ಕೆಳಕ್ಕೆ ಒಮ್ಮೆ ಒರೆಸಿತು. ಸಿಕ್ಕಿದ್ದನ್ನು ಹಿಡಿದುಕೊಂಡು ಹೊರಟುಹೋಯಿತು.

ಬಿಸಿಲು ಬಂತು. ಕಾಫಿ ಹೌಸಿನ ಹಾಡು ನಿಂತಲ್ಲಿಂದ ಮುಂದುವರಿಯಿತು. ಮೆತ್ತೆಗಳು ಒಣಗಿದ್ದವು. ಅವನು ಏಣಿ ಹತ್ತಿ ಹೊರಬಿದ್ದು, ಮೂರು ಮಹಡಿ ಓಡಿ, ಟವಲು ಬಿಡಿಸಿ ನೋಡಿದ. ಪುಟ್ಟಿಯ ಕಣ್ಣಿನಿಂದ ಒಂದು ಹನಿ ಇಳಿಯಿತು. ಇಳಿದು, ಗಲ್ಲದಿಂದ ತೊಟ್ಟಿಕ್ಕಿತು. ಕೆನ್ನೆಗೆ ಏನೂ ಆಗಲಿಲ್ಲ. ಬೆರಳು ತೇವ ಮಾಡಿ ಅವಳ ಅಂಗೈ ಉಜ್ಜಿದ. ನೊರೆ ಬರಲಿಲ್ಲ. ಹೆಂಡತಿ ನೆಲಕ್ಕೆ ಕುಸಿದು ಬಿಕ್ಕಿದಳು. ಅವನು ಅವಳ ತಲೆ ನೇವರಿಸಿ ಸಮಾಧಾನ ಹೇಳಲು ಬಾಯಿ ತೆರೆದ.

"ದಯವಿಟ್ಟು ಅಳಬೇಡಿ," ಎಂದಿತು ಲಿಫ್ಟು.

ಅವನು ಗಂಟಲು ಸರಿಮಾಡಿಕೊಂಡ. ಮ್ಯಾನೇಜರ್ ಬಂದ. ಮತ್ತೆ ಸರಿಮಾಡಿಕೊಂಡ. ಮಾವ ಬಂದರು. ಮಿಸ್ಸು ಬಂದರು. ಒಬ್ಬರ ಹಿಂದೆ ಒಬ್ಬರು ಎಲ್ಲರೂ ಬಂದರು. ಅವನು ಮಾತ್ರ ಬರಲಿಲ್ಲ.

ಸವೆದದ್ದು ತಿರುಗಿ ಬರಲಿಲ್ಲ. ಪುಟ್ಟಿ ಮತ್ತೆ ಬೆಳೆಯತೊಡಗಿದಳು, ಶಾಲೆಗೆ ಹೋದಳು. ಅಂಗೈ ಖಾಲಿ ಹಾಳೆಯಾಗಿಯೇ ಉಳಿಯಿತು. ಕೆನ್ನೆಯ ಎರಡು ಗೆರೆಗಳು ಮುದುಕಿಯ ಗೆರೆಗಳಾಗಿ ಉಳಿದವು. ಉಬ್ಬಸ ಮರಳಿತು. ಕರೆಂಟು ಮೊದಲಿನಂತೆಯೇ ಮೂರಕ್ಕೆ ಹತ್ತು ನಿಮಿಷ ಇರುವಾಗ ಹೋಗತೊಡಗಿತು. ಅನೌನ್ಸರ್ ದೂರು ಕೊಡಲಿಲ್ಲ. ಮನೆ ಮಾರೋಣವೆಂದು ಹೆಂಡತಿ ಎರಡು ಸಲ ಹೇಳಿದಳು. ಮೂರನೆಯ ಸಲ ಹೇಳಲಿಲ್ಲ, ಏಕೆಂದರೆ ಅಷ್ಟರಲ್ಲಿ ಪುಟ್ಟಿ ಅದನ್ನು ಕಂಡುಹಿಡಿದಿದ್ದಳು.

ಈಗ ಕರೆಂಟು ಹೋದ ಕೂಡಲೇ ಅವಳು ಶಾಲೆಯ ಚೀಲ ಬಿಸಾಡಿ ಕೆಳಗೋಡುತ್ತಾಳೆ. ಮೆಲ್ಲನೆ ಕುಯ್ಯೆನ್ನುವ ಎದೆಯಲ್ಲೇ ಕೊಪ್ಪರಿಗೆಯ ಅಂಚಿಗೆ ಮಂಡಿಯೂರಿ, ಕಬ್ಬಿಣಕ್ಕೆ ಕಿವಿ ಹಚ್ಚುತ್ತಾಳೆ. ಅನೌನ್ಸರ್ ಔಷಧಿ ಬಟ್ಟಲು ಹಿಡಿದು ಹಿಂದೆಯೇ ಬಂದು, ಮೂರು ಹೆಜ್ಜೆ ಆಚೆ ನಿಲ್ಲುತ್ತಾನೆ. ಹತ್ತಿರ ಹೋದರೆ ಅವಳು ಮುಖ ಗಂಟಿಕ್ಕುತ್ತಾಳೆ.

"ಅಪ್ಪಾ, ಒಳಗಿದ್ದೀಯಾ?"

"ಇದ್ದೀನಿ ಕಂದಾ," ಎನ್ನುತ್ತದೆ ಒಳಗಿ‌ನಿಂದ ಆ ಒಡಕು ದನಿ, ಸ್ವಲ್ಪ ಕೀರಲಾಗಿ. "ಇವತ್ತು ಮಿಸ್ಸು ಏನಂದ್ರು?"

ಪುಟ್ಟಿ ಹೇಳುತ್ತಾಳೆ. ಒಳಗಿನವನು ಏನೋ ಅನ್ನುತ್ತಾನೆ. ಅವಳು ಹೊಟ್ಟೆ ಹಿಡಿದು ನಗುತ್ತಾಳೆ. ಅನೌನ್ಸರ್‌ಗೆ ಆ ಜೋಕು ಪೂರ್ತಿ ಕೇಳಿಸುವುದಿಲ್ಲ.

ಮೇಲಿನಿಂದ ಹೆಂಡತಿ ಕರೆಯುತ್ತಾಳೆ: "ಪುಟ್ಟೀ, ಬಾರೇ, ಔಷಧಿ ಹೊತ್ತಾಯ್ತು!"

"ತಡಿಯಮ್ಮಾ! ಅಪ್ಪನ ಜೊತೆ ಮಾತಾಡ್ತಿದೀನಿ!"

ಅಮ್ಮ ಕರೀತಿದಾಳೆ, ಹೋಗು ಕಂದಾ ಎನ್ನಲು ಅವನು ಉಸಿರೆಳೆದುಕೊಳ್ಳುತ್ತಾನೆ.

"ಅಮ್ಮ ಕರೀತಿದಾಳೆ, ಹೋಗು ಕಂದಾ," ಎನ್ನುತ್ತದೆ ಕೊಪ್ಪರಿಗೆ.

ಪುಟ್ಟಿ ಹೂಂಗುಟ್ಟಿ, ಕಬ್ಬಿಣಕ್ಕೊಂದು ಮುತ್ತು ಕೊಟ್ಟು ಎದ್ದು, ಅವನ ಕೈಯ ಬಟ್ಟಲು ಇಸಿದುಕೊಂಡು ಮೆಟ್ಟಿಲ ಕಡೆ ಓಡುತ್ತಾಳೆ.